ಆಪಾ ಹಿಡಿದು ನಿಂತ ಸೀಲಿಂಗ್

ಡಾಕ್ಟರ್ ಆಪಾ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನಮ್ಮ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ. ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ನಡುವೆ ಒಬ್ಬ ಮಹಾಶಯರು ಕೇಳಿದ್ದರು: “ಯಾರು, ನೆಲಕ್ಕೆ ನೀರು ಸುರಿದು ಸೀಲಿಂಗ್ ಬೀಳಿಸಿದ್ರಲ್ಲ, ಆ ಡಾಕ್ಟರಾ?” ಇನ್ನೊಬ್ಬರು “ಹೌದು, ಅವರೇ ಪಾಪ” ಎಂದು ಉತ್ತರಿಸಿದ್ದರು. ನಾನು ಬಸ್ಸಿನಲ್ಲಿದ್ದೆ. ಫೋನನ್ನು ಚೀಲಕ್ಕೆ ತುರುಕಿ, ನನ್ನ ಸ್ಟಾಪಿಗಿಂತ ಎಷ್ಟೋ ಮೊದಲೇ ಇಳಿದು ನಡೆಯತೊಡಗಿದೆ. ಅಷ್ಟು ಸಿಟ್ಟು ಬಂದಿತ್ತು.

ಮೊದಲನೆಯದಾಗಿ, ಆ ಸೀಲಿಂಗ್ ಬೀಳಲಿಲ್ಲ. ಬರ್ಮಿಂಗ್‌ಹ್ಯಾಮಿನ ಹಳೆಯ ಚೌಕವೊಂದರ ಅಂಚಿನಲ್ಲಿ, ಅವರ ಮನೆಯ ಮೊದಲ ಮಹಡಿಯಲ್ಲಿ, ಅದು ಇವತ್ತಿಗೂ ಇದ್ದಲ್ಲೇ ಇದೆ. ಎರಡನೆಯದನ್ನು ಹೇಳಬೇಕಾದರೆ ಆಪಾ ಎಂಥವರಾಗಿದ್ದರು ಎಂಬುದರಿಂದ ಶುರುಮಾಡಬೇಕು.

ಅವರು ವಿಜಯಪುರದವರು. ಮನೆಮಾತು ದಖನಿ, ಓದಿದ್ದು ಕನ್ನಡ ಶಾಲೆಯಲ್ಲಿ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಎತ್ತರದ ಆಳು, ತೆಳ್ಳಗಿನ ಮೈ, ಬಣ್ಣ ಹಚ್ಚದ ನರೆಗೂದಲು. ಕನ್ನಡಿಗರ ಕೂಟಗಳಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ‘ಆಪಾ’, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ನಾನು ಮಂಡ್ಯದವಳು, ಹಳೆಯ ಕಟ್ಟಡಗಳ ದುರಸ್ತಿಗೆ ಸಲಹೆ ಕೊಡುವ ಕೆಲಸ ನನ್ನದು. ಯಾರೋ ನನ್ನ ಹೆಸರು ಹೇಳಿದ್ದರಿಂದ ಅವರು ನನ್ನನ್ನು ಕರೆಸಿದರು. ಬಾಗಿಲು ತೆಗೆದವರೇ ಒಳಗೆ ಬಾ ಎನ್ನುವ ಮೊದಲು ಕೇಳಿದ್ದು ಇಷ್ಟು: “ಇಲ್ಲೀತನಕ ಏನೇನು ಕೆಡಿಸೀದಿ, ಅದನ್ನ ಹೇಳು. ಸರಿ ಮಾಡಿದ್ದನ್ನ ಎಲ್ಲಾರೂ ಹೇಳ್ತಾರ.”

ನನಗೆ ಮೂಗಿನ ತುದಿಯಲ್ಲೇ ಕೋಪ. ವಾಪಸು ಹೊರಟುಬಿಡಬೇಕು ಎನ್ನಿಸಿತು. ಆದರೂ ಲೆಸ್ಟರ್‌ನಲ್ಲಿ ಒಂದು ಹಳೆಯ ಕಿಟಕಿಯ ಗಾಜು ಒಡೆದದ್ದನ್ನು ಹೇಳಿದೆ. ಹೇಗೆ ಒಡೆಯಿತು, ಆಮೇಲೆ ಏನು ಮಾಡಿದೆ, ಯಾರಿಗೆ ಹೇಳಿದೆ ಎಂದೆಲ್ಲ ವಿಚಾರಿಸಿದರು. ಕೊನೆಗೆ, “ಒಳಗ ಬಾ, ಚಹಾ ಕುಡಿ” ಅಂದರು. ಕೆಲಸ ನನಗೆ ಸಿಕ್ಕಿತ್ತು.

ಆ ಮನೆಗಾಗಿ ಅವರು ಊರ ಹೊರವಲಯದ ಸೊಲಿಹಲ್‌ನ ಸೊಗಸಾದ ಬಂಗಲೆಯನ್ನು ಮಾರಿದ್ದರು. ಎರಡು ಕಾರು ನಿಲ್ಲುವ ಜಾಗ, ಹಿಂದೆ ತೋಟ, ಸುತ್ತ ನಮ್ಮವರದೇ ಮನೆಗಳು. ಅದೆಲ್ಲ ಬಿಟ್ಟು ಊರ ನಡುವಿನ ಒಂದು ಇಕ್ಕಟ್ಟಾದ, ಉದ್ದನೆಯ, ಅಕ್ಕಪಕ್ಕದ ಮನೆಗಳಿಗೆ ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗೆ ಬಂದಾಗ ಜನ ಅವರಿಗೆ ತಲೆ ಕೆಟ್ಟಿದೆ ಅಂದರು. ಇನ್ನೂರು ವರ್ಷಕ್ಕೂ ಹಳೆಯ ಮನೆ. ಲಿಸ್ಟೆಡ್. ಅಂದರೆ ಸರ್ಕಾರದ ಪಟ್ಟಿಗೆ ಸೇರಿದ್ದು. ಮನೆ ನಿಮ್ಮದೇ ಆದರೂ ಒಂದು ಗೋಡೆ ಒಡೆಯಲು, ಒಂದು ಕಿಟಕಿ ಬದಲಿಸಲು ಕೌನ್ಸಿಲ್ಲಿನ, ಅಂದರೆ ನಗರಸಭೆಯ, ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಕೈ ಹಾಕಿದರೆ ಅದು ಅಪರಾಧ.

ಮನೆಯ ಮುಖ ನೋಡಿದರೆ ಒಳಗಿನ ಸಂಸಾರವೆಲ್ಲ ತಿಳಿಯುತ್ತಿತ್ತು. ನೆಲಮಾಳಿಗೆಗೆ ಅರ್ಧ ಕಿಟಕಿ, ಅಲ್ಲಿ ಅಡುಗೆಯವರು. ಮೊದಲ ಮಹಡಿಗೆ ಆಳೆತ್ತರ ಮೀರಿದ ಮೂರು ಕಿಟಕಿ, ಅಲ್ಲಿ ಯಜಮಾನರು ಅತಿಥಿಗಳನ್ನು ಕೂರಿಸುತ್ತಿದ್ದರು. ಮೇಲೇರಿದಂತೆ ಕಿಟಕಿಗಳು ಗಿಡ್ಡವಾಗುತ್ತ ಹೋಗಿ, ಸೂರಿನಡಿಯ ಆಳುಗಳ ಕೋಣೆಗೆ ಬರುವಾಗ ಅಂಗೈಯಗಲದ ಬೆಳಕು. ಆಪಾ ರಸ್ತೆಯ ಆಚೆ ನಿಂತು ಇದನ್ನು ನೋಡಿ, “ಯಾರಿಗೆ ಎಷ್ಟು ಗಾಳಿ ಅಂತ ಗೋಡೆ ಮೇಲೇ ಬರದಿಟ್ಟಾರ ನೋಡು” ಅಂದರು. ಆಮೇಲೆ ತಾವು ಸೂರಿನಡಿಯ ಆಳಿನ ಕೋಣೆಯನ್ನು ಇಟ್ಟುಕೊಂಡರು. ಎರಡನೆಯ ಮಹಡಿಯ, ಬೆಳಕಿರುವ ದೊಡ್ಡ ಕೋಣೆಯನ್ನು ತಮ್ಮ ಅತ್ತೆಗೆ ಕೊಟ್ಟರು.

ಅತ್ತೆಯನ್ನು ಎಲ್ಲರೂ ಅಮ್ಮೀ ಎನ್ನುತ್ತಿದ್ದೆವು. ಎಂಬತ್ತು ದಾಟಿದ ಜೀವ. ಮೊಣಕಾಲು ಗಟ್ಟಿ, ನೆನಪು ಮಾತ್ರ ಜಾಳು. ನನ್ನನ್ನು ಒಂದು ದಿನ ನರ್ಸ್ ಎಂದುಕೊಂಡರೆ ಇನ್ನೊಂದು ದಿನ ವಿಜಯಪುರದ ಪಕ್ಕದ ಮನೆಯ ಹುಡುಗಿ ಎಂದುಕೊಳ್ಳುತ್ತಿದ್ದರು. ರಂಜಾನಿನಲ್ಲಿ ಉಪವಾಸ ಇದ್ದೇನೆಂದು ಹಟ ಹಿಡಿಯುವರು. ಮಧ್ಯಾಹ್ನ ಮರೆತು ಬ್ರೆಡ್ಡು ತಿನ್ನುವರು. ಸಂಜೆ ಎಲ್ಲರ ಜೊತೆ ಕೂತು ಖರ್ಜೂರ ಬಾಯಿಗಿಡುತ್ತಾ ಇವತ್ತು ಬಹಳ ಸುಸ್ತಾಯಿತು ಎನ್ನುವರು. ಆಪಾ “ಹೌ ಅಮ್ಮೀ, ದಿನ ಎಷ್ಟು ಉದ್ದ” ಎಂದು ಸೇರಿಕೊಳ್ಳುತ್ತಿದ್ದರು. ಬ್ರೆಡ್ಡಿನ ಮಾತನ್ನು ಅವರು ಒಮ್ಮೆಯೂ ಎತ್ತಿದ್ದು ನಾನು ಕೇಳಿಲ್ಲ.

ಆಪಾ ಅವರ ಯಜಮಾನರು ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ನಾವು ಭಾಯಿ ಅಂತಿದ್ದೆವು. ಕೆಟ್ಟವರಲ್ಲ, ಹೆದರಿದವರು. ಈ ಮನೆಗೆ ಬಂದ ವರ್ಷದ ಚಳಿಗಾಲದಲ್ಲಿ ಅಮ್ಮೀ ಗ್ಯಾಸ್ ಹಚ್ಚಿ ಮರೆತು ಅಡುಗೆಮನೆಯ ಪರದೆ ಸುಟ್ಟಿತ್ತು. ವಸಂತದಲ್ಲಿ ಒಂದು ಬೆಳಿಗ್ಗೆ ಮನೆಯಿಂದ ಹೊರಬಿದ್ದು, ಕೊವೆಂಟ್ರಿಗೆ ಹೋಗುವ ಬಸ್ಸಿನಲ್ಲಿ ಚಪ್ಪಲಿಯಿಲ್ಲದೆ ಕೂತಿದ್ದರು. ಪುಣ್ಯಕ್ಕೆ ಡ್ರೈವರಿಗೆ ಅನುಮಾನ ಬಂದು ಪೊಲೀಸರಿಗೆ ಫೋನ್ ಮಾಡಿದ. ಆವತ್ತು ಭಾಯಿ ನನ್ನ ಎದುರಿಗೇ ಹೇಳಿದರು: “ಇನ್ನೊಂದು ಸಲ ಹಿಂಗೇನಾದ್ರೂ ಆದ್ರ ನಾ ಕೇಳೂದಿಲ್ಲ. ಕೇರ್ ಹೋಮ್ ನೋಡಿ ಬಂದೀನಿ. ಛಲೋ ಅದ. ಅಕಿ ಜೀವಾನಾದ್ರೂ ಉಳೀತದ.”

ಭಾಯಿ ಹೋದ ಮೇಲೆ ಆಪಾ ನನ್ನ ಕಡೆ ತಿರುಗಿ, “ಅಲ್ಲಿ ಅಕಿ ಜೋಡಿ ಯಾರು ಮಾತಾಡ್ತಾರ? ಅಕಿಗೆ ಇಂಗ್ಲಿಷ್ ಬರೂದಿಲ್ಲ. ಮರೆವು ಇದ್ದವರಿಗೆ ಮಾತೂ ಹೋತಂದ್ರ ಏನು ಉಳೀತು?” ಅಂದರು. ಅದೊಂದೇ ಅವರ ಚಿಂತೆಯಾಗಿತ್ತು. ಮನೆ, ಕೌನ್ಸಿಲ್, ಜನರ ಮಾತು ಎಲ್ಲ ಅದರ ನಂತರ.

ಇನ್ನು ಸೀಲಿಂಗಿನ ವಿಷಯ. ಮನೆ ಬಹಳ ಕಾಲ ಯಾವುದೋ ಆಫೀಸಾಗಿತ್ತು. ಮೊದಲ ಮಹಡಿಯ ದೊಡ್ಡ ಕೋಣೆಗೆ ಬೂದು ಚೌಕಗಳ ಸುಳ್ಳು ಸೀಲಿಂಗ್ ಹೊಡೆದಿದ್ದರು. ಒಪ್ಪಿಗೆ ಪಡೆದು ಅದನ್ನು ಇಳಿಸಿದ ದಿನ ಆಪಾ ಆಸ್ಪತ್ರೆಯಿಂದ ನೇರ ಬಂದಿದ್ದರು. ಧೂಳು ಇಳಿದ ಮೇಲೆ ನೋಡಿದರೆ ಮೇಲೆ ಅಂಡಾಕಾರದ ಒಂದು ದೊಡ್ಡ ಹಾರ, ಗೋಧಿಯ ತೆನೆ, ದ್ರಾಕ್ಷಿ ಬಳ್ಳಿ, ನಡುವೆ ಅರಳಿದ ಹೂವು, ಎಲ್ಲ ಸುಣ್ಣದ ಗಾರೆಯಲ್ಲಿ ಕೈಯಿಂದ ಮಾಡಿದ್ದು. ಆಪಾ ಬಹಳ ಹೊತ್ತು ತಲೆ ಎತ್ತಿ ನಿಂತಿದ್ದರು. ಅವರಿಗೊಂದು ಅಭ್ಯಾಸ: ಯಾವ ಗೋಡೆಯ ಹತ್ತಿರ ಹೋದರೂ ನಾಡಿ ನೋಡುವ ಹಾಗೆ ಎರಡು ಬೆರಳು ಇಡುವುದು. ಅವತ್ತು ಕೈ ಎಟುಕಲಿಲ್ಲ. ಏಣಿ ತರಿಸಿಕೊಂಡು ಹತ್ತಿ, ಬೆರಳಿಟ್ಟು, ಇಳಿದರು.

ಅದು ನಿಂತಿದ್ದು ಹೇಗೆ ಎಂದು ನಾನು ಅವರಿಗೆ ವಿವರಿಸಿದೆ. ಮೇಲಿನ ಕೋಣೆಯ ನೆಲವೆಂದರೆ ಮರದ ಹಲಗೆ. ಹಲಗೆಯ ಕೆಳಗೆ ತೊಲೆ. ತೊಲೆಯ ಅಡಿಗೆ ಬೆರಳಷ್ಟು ಅಗಲದ ಮರದ ಪಟ್ಟಿಗಳನ್ನು ಸಂದು ಬಿಟ್ಟು ಹೊಡೆಯುತ್ತಿದ್ದರು. ಕೆಳಗಿನಿಂದ ಗಾರೆಯನ್ನು ಒತ್ತಿದರೆ, ಚಕ್ಕುಲಿ ಒರಳಿನಲ್ಲಿ ಹಿಟ್ಟು ಹೊರಬರುವ ಹಾಗೆ ಅದು ಸಂದಿಯಿಂದ ಮೇಲೆ ಬಂದು, ಪಟ್ಟಿಯ ಬೆನ್ನಿಗೆ ಬಾಗಿ ಗಟ್ಟಿಯಾಗುತ್ತಿತ್ತು. ಆ ಸಣ್ಣ ಕೊಕ್ಕೆಗಳೇ ಇಡೀ ಸೀಲಿಂಗಿನ ಭಾರ ಹೊತ್ತಿರುವುದು. ನೀರು ತಾಗಿದರೆ ಗಾರೆ ಭಾರವಾಗುತ್ತದೆ, ಕೊಕ್ಕೆ ಮೆತ್ತಗಾಗುತ್ತದೆ. ಆಪಾ ಗಮನವಿಟ್ಟು ಕೇಳಿ, “ಹಂಗಾದ್ರ ಇದಕ್ಕೆ ದೊಡ್ಡ ವೈರಿ ನೀರು” ಎಂದರು. ಮಾರನೆಯ ದಿನವೇ ಮೇಲಿನ ಬಚ್ಚಲಿನ ಹಳೆಯ ಪೈಪುಗಳನ್ನೆಲ್ಲ ಪರೀಕ್ಷೆ ಮಾಡಿಸಿದರು. ಅವರು ಅಷ್ಟು ಜಾಗರೂಕರು. ಕಾರಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ ಮತ್ತೆ ಎಳೆದು ನೋಡುವವರು. ಆಪರೇಷನ್ ಕೋಣೆಯಲ್ಲಿ ಸಹಾಯಕರು ಯಂತ್ರ ನೋಡಿದ್ದರೂ ತಾವೊಮ್ಮೆ ನೋಡದೆ ಶುರುಮಾಡಿದವರಲ್ಲ. ತಮ್ಮ ಕೈಯಲ್ಲಿ ಅಜಾಗ್ರತೆಯಿಂದ ಯಾರಿಗೂ ಏನೂ ಆಗಿಲ್ಲ ಎಂಬುದೊಂದೇ ಅವರು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದ ಹೆಮ್ಮೆ.

ಪೈಪು ನೋಡಿದೆವು. ಅಮ್ಮೀಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆ ವರ್ಷ ರಂಜಾನ್ ನಡು ಬೇಸಿಗೆಯಲ್ಲಿ ಬಂದಿತ್ತು. ಸೂರ್ಯ ಮುಳುಗುವುದು ಒಂಬತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಒಂದು ಗುಟುಕು ನೀರಿಲ್ಲ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನು ಕೆಳಗಿನ ಕೋಣೆಯಲ್ಲಿ ಕಿಟಕಿಯ ಮಡಚು ಬಾಗಿಲುಗಳನ್ನು ಪರೀಕ್ಷಿಸುತ್ತಿದ್ದೆ. ಆಪಾ ರಜೆ ಹಾಕಿ ಅಡುಗೆಮನೆಯಲ್ಲಿದ್ದರು. ಮೇಲೆ ಎಲ್ಲೋ ಟಪ್ ಟಪ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಮೊದಲ ಮಹಡಿಯ ಸೀಲಿಂಗಿನ ಹೂವಿನ ನಡುವಿನಿಂದ ನೀರು ತೊಟ್ಟಿಕ್ಕುತ್ತಿದೆ. ಹೂವಿನ ಒಂದು ಪಕ್ಕಕ್ಕೆ, ತಟ್ಟೆಯಗಲಕ್ಕೆ, ಗಾರೆ ಕೆಳಗೆ ಉಬ್ಬಿಕೊಂಡಿದೆ. ಆಪಾ ಎಂದು ಕೂಗುತ್ತಾ ಮೇಲಕ್ಕೆ ಓಡಿದೆ.

ಅಮ್ಮೀ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಕೆಟ್ಟಿನಿಂದ ನೀರು ಚೆಲ್ಲಿ, ಪೊರಕೆಯಿಂದ ಗಸಗಸ ಉಜ್ಜುತ್ತಿದ್ದರು. ಕೋಣೆ ತುಂಬ ನೀರು. ಆಫೀಸಿನ ಕಾಲದ ಹಳೆಯ ಕಾರ್ಪೆಟ್ಟನ್ನು ಹಿಂದಿನ ವಾರವಷ್ಟೇ ಕಿತ್ತಿದ್ದೆವು. ಬರಿ ನೆಲ ಕಂಡಿದ್ದೇ ತಡ, ಆ ಕೈಗೆ ತನ್ನ ಕೆಲಸ ನೆನಪಾಗಿತ್ತು. ವಿಜಯಪುರದಲ್ಲಿ ಹಬ್ಬದ ಮುಂಚೆ ಕಲ್ಲಿನ ನೆಲಕ್ಕೆ ನೀರು ಹೊಯ್ದು, ಉಜ್ಜಿ, ಮೋರಿಯ ಕಡೆ ದೂಡಿ ಬೆಳೆದ ಜೀವ.

ನನ್ನನ್ನು ನೋಡಿ ಬಹಳ ಖುಷಿಯಿಂದ ಅಂದರು: “ಎಷ್ಟು ಛಲೋ ಮನಿ ಕಟ್ಟ್ಯಾರ ನೋಡವ್ವ. ಮೋರಿನೇ ಇಲ್ಲ. ನೀರು ತಾನ ಹೋಗ್ತದ.”

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಷ್ಟರಲ್ಲಿ ಆಪಾ ಬಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತು ಎಲ್ಲವನ್ನೂ ನೋಡಿದರು. ಗದರಲಿಲ್ಲ. ಅತ್ತೆಯ ಕೈಯಿಂದ ಬಕೆಟ್ಟನ್ನು ಮೆಲ್ಲಗೆ ತೆಗೆದುಕೊಂಡು, “ಬಸ್ ಅಮ್ಮೀ, ಭೋತ್ ಅಚ್ಛಾ ಹುವಾ. ಅಬ್ ಬೈಠೋ” ಎಂದು ಹಾಸಿಗೆಯ ಮೇಲೆ ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ಎರಡೇ ಶಬ್ದ: “ಮೊದಲು ಏನು?”

“ನೀರು ಹೀರಬೇಕು. ಬಟ್ಟೆ, ಎಷ್ಟಿದೆಯೋ ಅಷ್ಟೂ.”

ಟವೆಲ್, ಹೊದಿಕೆ, ಹಬ್ಬಕ್ಕೆಂದು ಮಡಿಚಿಟ್ಟಿದ್ದ ಹೊಸ ಹಾಸು ಎಲ್ಲವನ್ನೂ ತಂದು ಹರವಿದೆವು. ಇಬ್ಬರೂ ಮೊಣಕಾಲೂರಿ ಹಿಂಡಿದೆವು. ನಡುವೆ ನಾನು ನನಗೆ ಗೊತ್ತಿದ್ದ ಗಾರೆ ಕೆಲಸದವನಿಗೆ ಫೋನ್ ಮಾಡಿದೆ. ಆತ ಪಕ್ಕದ ಡಡ್ಲಿಯವನು, ಆದರೆ ಅವತ್ತು ದೂರದ ಲೀಡ್ಸ್‌ನಲ್ಲಿದ್ದ. ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಕೆಳಗಿನಿಂದ ಆಸರೆ ಕೊಟ್ಟು ಇಟ್ಟುಕೊಳ್ಳಿ, ಹೀಟರ್ ಮಾತ್ರ ಹಚ್ಚಬೇಡಿ ಎಂದ. ಆಪಾ ಗಡಿಯಾರ ನೋಡಿದರು. ಭಾಯಿಯ ಶಿಫ್ಟ್ ಮುಗಿದು ಅವರು ಕಾರು ಹತ್ತುವ ಹೊತ್ತಾಗಿತ್ತು.

ನೆಲಮಾಳಿಗೆಯಲ್ಲಿ ಹಳೆಯ ಕೆಲಸದ್ದು ಎರಡು ಕಬ್ಬಿಣದ ಜಾಕಿ ಇದ್ದವು, ತಿರುಗಿಸಿದರೆ ಎತ್ತರವಾಗುವಂಥವು. ಇಬ್ಬರೂ ಹೆಂಗಸರು ಅವನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಬಂದೆವು. ಅಗಲವಾದ ಹಲಗೆಯ ಮೇಲೆ ರಜಾಯಿ ಮಡಚಿ ಹಾಸಿ, ಅದನ್ನು ಉಬ್ಬಿದ ಜಾಗದ ಕೆಳಗೆ ಎತ್ತಬೇಕು. ನಾನು ಹೇಳಿದೆ: “ಮುಟ್ಟಬೇಕು, ಒತ್ತಬಾರದು. ಒತ್ತಿದರೆ ಉಳಿದ ಕೊಕ್ಕೆಗಳೂ ಮುರಿಯುತ್ತವೆ.” ಆಪಾ ಏಣಿ ಹತ್ತಿ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಒಂದು ಜಾಕಿಯನ್ನು ನಿಲ್ಲಿಸಿ ತಿರುಗಿಸಿದೆ. ಎರಡನೆಯದನ್ನು ನಿಲ್ಲಿಸಲು ಹೋದರೆ ಅದರ ಕೀಲು ಇಲ್ಲ. ಕೀಲಿಲ್ಲದೆ ಅದು ನಿಲ್ಲುವುದಿಲ್ಲ. ಎಲ್ಲಿ ಬಿದ್ದಿತ್ತೋ, ಕೆಳಗೆ ಹೋಗಿ ಹುಡುಕಬೇಕು.

ಅಷ್ಟರಲ್ಲಿ ಮೇಲೆ ಚಟ್ ಎಂದು ಏನೋ ಮುರಿಯಿತು. ಒಂದು ಗೋಧಿಯ ತೆನೆ, ಅಂಗೈಯಷ್ಟು, ಆಪಾ ಅವರ ಹೆಗಲ ಪಕ್ಕದಿಂದ ಬಿದ್ದು ನೆಲದ ಮೇಲೆ ಪುಡಿಯಾಯಿತು.

“ಇಳೀರಿ ಆಪಾ,” ನಾನು ಅಂದೆ. “ಬಿದ್ದರೆ ಬೀಳಲಿ. ಇಡೀ ಗಾರೆ ತಲೆ ಮೇಲೆ ಬಂದರೆ ಉಳಿಯೋಲ್ಲ ನೀವು.”

“ನಾ ಕೈ ಬಿಟ್ಟರ ಬೀಳ್ತದೋ ಇಲ್ಲೋ?”

“ಬೀಳುತ್ತೆ.”

“ಮತ್ತ ಹೋಗು. ಕೀಲು ತಾ.”

ಅವರ ಮುಖದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಸುಣ್ಣ ಬೆರೆತ ಕೊಳೆ ನೀರು, ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ. ಬೆಳಗಿನ ಜಾವದಿಂದ ಒಂದು ಹನಿ ಕುಡಿಯದ ಬಾಯಿ. ಎರಡೂ ಕೈ ಮೇಲಿದ್ದುದರಿಂದ ಒರೆಸಿಕೊಳ್ಳುವಂತಿರಲಿಲ್ಲ. ತುಟಿ ಬಿಗಿದು, ಕಣ್ಣು ಮುಚ್ಚಿ ನಿಂತರು. ನಾನು ಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ನೆಲಮಾಳಿಗೆಯ ಕಸದಲ್ಲಿ ಕೈಯಾಡಿಸಿದೆ, ಕೀಲು ಸಿಗಲಿಲ್ಲ. ಒಂದು ದಪ್ಪನೆಯ ಮೊಳೆ ಸಿಕ್ಕಿತು. ಮೇಲೆ ಓಡಿ ಬಂದಾಗ ಅವರ ತೋಳುಗಳು ನಡುಗುತ್ತಿದ್ದವು, ಹಲಗೆ ಅಲುಗುತ್ತಿರಲಿಲ್ಲ. ಮೊಳೆಯನ್ನು ತೂತಿಗೆ ತೂರಿಸಿ, ಜಾಕಿಯನ್ನು ಮೆಲ್ಲಗೆ ತಿರುಗಿಸಿ, ರಜಾಯಿ ಗಾರೆಗೆ ತಾಗಿದಾಗ ನಿಲ್ಲಿಸಿದೆ. “ಈಗ ಬಿಡಿ” ಎಂದರೂ ಅವರಿಗೆ ಕೈ ಇಳಿಸಲಾಗಲಿಲ್ಲ. ನಾನೇ ಹಿಡಿದು ಇಳಿಸಿದೆ.

ಏಣಿಯಿಂದ ಇಳಿದು ಅವರು ಮಾಡಿದ ಮೊದಲ ಕೆಲಸ ಮೇಲೆ ಹೋಗಿ ಅಮ್ಮೀಯ ಒದ್ದೆ ಸೀರೆ ಬದಲಿಸಿದ್ದು. ನಾನು ಬಟ್ಟೆ ಹಿಂಡುತ್ತಾ ಹೇಳಿದೆ: “ಪೈಪು ಸೋರಿತು ಅನ್ನೋಣ ಆಪಾ. ಯಾರಿಗೂ ತೊಂದರೆ ಇಲ್ಲ.”

“ಪೈಪು ನೋಡಿದ ಹುಡುಗ ಇದ್ದಾನಲ್ಲ, ಅವನಿಗೆ ತೊಂದರಿ ಇಲ್ಲೇನು?” ಎಂದರು. “ಸುಳ್ಳು ಹೇಳೂದಿದ್ರ ನಮ್ಮ ಮ್ಯಾಲೆ ಹೇಳ್ಕೋಬೇಕು. ಇನ್ನೊಬ್ಬರ ಮ್ಯಾಲೆ ಹಾಕಬಾರದು.”

ಅವರು ಏನು ಮಾಡಲಿದ್ದಾರೆಂದು ನನಗೆ ಆಗ ಹೊಳೆಯಲಿಲ್ಲ. ಅಮ್ಮೀಯನ್ನು ಕೈ ಹಿಡಿದು ಕರೆತಂದು ಮೊದಲ ಮಹಡಿಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸುವುದಕ್ಕೂ, ಕೆಳಗೆ ಬೀಗದ ಕೈ ತಿರುಗಿದ ಸದ್ದಾಗುವುದಕ್ಕೂ ಸರಿಹೋಯಿತು.

ಭಾಯಿ ಮೇಲೆ ಬಂದರು. ಜಾಕಿ, ಹಲಗೆ, ಪುಡಿಯಾದ ಗಾರೆ, ಒದ್ದೆ ಬಟ್ಟೆಯ ರಾಶಿ. ಎಲ್ಲದರ ಮೇಲೆ ಕಣ್ಣಾಡಿಸಿದವರು ಕೊನೆಗೆ ನೋಡಿದ್ದು ತಾಯಿಯನ್ನು.

“ಯಾರು ಮಾಡಿದ್ದು?”

ಅಮ್ಮೀ ಮಗನನ್ನು ಕಂಡ ಸಂತೋಷಕ್ಕೆ ಬಾಯಿ ತೆರೆದರು. “ನಾಳೆ ಹಬ್ಬ ಅಲ್ಲೇನಪ್ಪ, ಮ್ಯಾಲಿನ ಖೋಲಿಗೆ ನೀರು—”

“ನಾನು,” ಆಪಾ ಅಂದರು. “ನಾನು ತೊಳದೆ. ಹಬ್ಬಕ್ಕ. ಬಕೆಟ್ಟಿಂದ ಹಾಕಿದೆ.”

ಭಾಯಿ ಹೆಂಡತಿಯನ್ನು ದಿಟ್ಟಿಸಿದರು. ತಲೆಯಿಂದ ಕಾಲಿನವರೆಗೆ ಒದ್ದೆಯಾಗಿ, ಮುಖವೆಲ್ಲ ಸುಣ್ಣ ಮೆತ್ತಿಕೊಂಡು ನಿಂತಿದ್ದರು ಆಕೆ. “ನೀನಾ? ಮೂವತ್ತು ವರ್ಷ ಈ ದೇಶದಾಗ ಇದ್ದು, ಮರದ ನೆಲಕ್ಕ ಬಕೆಟ್ಟಿಂದ ನೀರು ಹಾಕಿದಿ?” ಮತ್ತೆ ತಟ್ಟನೆ ನನ್ನ ಕಡೆ ತಿರುಗಿದರು. “ನೀನು ಇಲ್ಲೇ ಇದ್ದೆಲ್ಲ. ನೋಡಿದೇನು?”

ನಾನು ನೋಡಿದ್ದನ್ನು ಹೇಳಿದರೆ ಆ ಮುದುಕಿ ವಾರದೊಳಗೆ ಮಾತೇ ಇಲ್ಲದ ಜಾಗಕ್ಕೆ ಹೋಗುತ್ತಾಳೆ. ಆಪಾ ನನ್ನನ್ನು ನೋಡುತ್ತಲೇ ಇರಲಿಲ್ಲ. ನೆಲ ನೋಡುತ್ತಿದ್ದರು.

“ಸುರಿಯೋವಾಗ ನಾನು ಕೆಳಗಡೆ ಕಿಟಕಿ ನೋಡ್ತಿದ್ದೆ ಭಾಯಿ” ಎಂದೆ. ಅದು ನಿಜವೇ ಆಗಿತ್ತು.

ಅಮ್ಮೀ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, ಅಚ್ಚರಿಯಿಂದ, “ಹೌದೇನು? ನೀನ ತೊಳದೇನು?” ಎಂದರು. ಆಮೇಲೆ ಮುಖ ಸಣ್ಣಗೆ ಮಾಡಿಕೊಂಡು ಸೀಲಿಂಗಿನ ಕಡೆ ನೋಡಿದರು. ಭಾಯಿ ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಅವರ ಕೋಪ ಹೆಂಡತಿಯ ಮೇಲೆ ತಿರುಗಿ, ಆ ರಾತ್ರಿಯ ಹಬ್ಬದಡುಗೆಯನ್ನೆಲ್ಲ ತಿಂದುಹಾಕಿತು ಎಂದು ಆಮೇಲೆ ತಿಳಿಯಿತು. ಅಮ್ಮೀಯ ಹೆಸರು ಆ ವಿಷಯದಲ್ಲಿ ಮತ್ತೆ ಬರಲಿಲ್ಲ.

ಹಬ್ಬದ ನಂತರ ಕೌನ್ಸಿಲ್ಲಿನ ಹಳೆ ಕಟ್ಟಡಗಳ ಅಧಿಕಾರಿ ಬಂದರು. ಸೌಜನ್ಯದ ಹೆಂಗಸು, ಆದರೆ ಇಂಥ ಮನೆಯನ್ನು ಕೈಗೆತ್ತಿಕೊಂಡವರಿಗೆ ಇಷ್ಟೂ ತಿಳಿಯದೇ ಎಂಬುದು ಅವರ ಹುಬ್ಬಿನಲ್ಲಿ ಎದ್ದು ಕಾಣುತ್ತಿತ್ತು. ಆಪಾ ಅವರೆದುರಿಗೂ ಅದನ್ನೇ ಹೇಳಿದರು: ನಾನೇ, ಬಕೆಟ್ಟಿನಿಂದ, ಯೋಚಿಸದೆ. ‘ಯೋಚಿಸದೆ’ ಎಂಬ ಶಬ್ದ ಅವರ ಬಾಯಿಂದ ಹೊರಬೀಳುವಾಗ ಎಷ್ಟು ಕಷ್ಟಪಟ್ಟಿತು ಎಂಬುದು ನನಗೊಬ್ಬಳಿಗೇ ಗೊತ್ತು. ಗಾರೆ ಕೆಲಸದವನು ಮೇಲಿನ ಹಲಗೆ ಎತ್ತಿ, ಬೆನ್ನ ಕಡೆಯಿಂದ ಮುರಿದ ಕೊಕ್ಕೆಗಳನ್ನು ಕಟ್ಟಿದ. ಬಿದ್ದ ತೆನೆಯನ್ನು ಪಕ್ಕದ್ದರ ಅಚ್ಚು ತೆಗೆದು ಮತ್ತೆ ಮಾಡಿದ. ಗಾರೆ ತಾನಾಗಿಯೇ ಒಣಗಬೇಕು, ಅವಸರ ಮಾಡಿದರೆ ಬಿರಿಯುತ್ತದೆ. ಹಾಗಾಗಿ ಚಳಿಗಾಲ ಬಂದರೂ ಆ ಮಹಡಿಗೆ ಹೀಟಿಂಗ್ ಹಾಕಲಿಲ್ಲ. ಬಂದವರೆಲ್ಲ ಕೋಟು ತೊಟ್ಟೇ ಚಹಾ ಕುಡಿದೆವು.

ಆಪಾ ಆಸ್ಪತ್ರೆಯ ಕೆಲಸವನ್ನು ಅರ್ಧಕ್ಕೆ ಇಳಿಸಿ, ಅಮ್ಮೀಯನ್ನು ನೋಡಿಕೊಳ್ಳಲು ನಮ್ಮನ್ನೆಲ್ಲ ಸೇರಿಸಿ ಒಂದು ರೋಟಾ, ಅಂದರೆ ಸರದಿಯ ಪಟ್ಟಿ, ಮಾಡಿದರು. ಗುರುವಾರ ನನ್ನದು. ಅಮ್ಮೀ ನನಗೆ ವಿಜಯಪುರದ ಓಣಿಗಳ ಹೆಸರು ಹೇಳುತ್ತಿದ್ದರು, ನಾನು ಬಟಾಣಿ ಸುಲಿಯುತ್ತಿದ್ದೆ. ಭಾಯಿ ಕೇರ್ ಹೋಮ್ ಮಾತೆತ್ತುವುದನ್ನು ಬಿಟ್ಟರು. ಈ ಮನೆಯಲ್ಲಿ ತಪ್ಪು ಮಾಡುವುದು ತಾಯಿಯೊಬ್ಬಳೇ ಅಲ್ಲ ಎಂದು ಅವರಿಗೆ ಅನ್ನಿಸಿತೋ ಏನೋ.

ಸುದ್ದಿ ಮಾತ್ರ ಸೊಲಿಹಲ್ ತನಕ ಹೋಯಿತು. ಆ ವರ್ಷದ ರಾಜ್ಯೋತ್ಸವದ ಕೂಟದಲ್ಲಿ ಊಟದ ಸಾಲಿನಲ್ಲಿ ಒಬ್ಬರು, “ಡಾಕ್ಟರೇ, ನಮ್ಮನೇಗೆ ಬಂದ್ರೆ ಬಕೆಟ್ ಬಚ್ಚಿಡ್ತೀವಿ” ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಇನ್ನೊಬ್ಬರು, ಇಂಥವರ ಕೈಲಿ ಆಪರೇಷನ್ ಹೆಂಗಪ್ಪಾ ಎಂದರು. ತಮಾಷೆಗೇ. ಆಪಾ ಅನ್ನ ಬಡಿಸಿಕೊಳ್ಳುತ್ತಾ ಎಲ್ಲರ ಜೊತೆ ನಕ್ಕರು. ಕಾರ್ ಪಾರ್ಕಿನಲ್ಲಿ ನಾನು ಜಗಳಕ್ಕೇ ನಿಂತೆ. ಎಷ್ಟು ದಿನ ಹೀಗೆ ಅನ್ನಿಸಿಕೊಳ್ಳುತ್ತೀರಿ, ಒಂದು ಮಾತು ಹೇಳಿದರೆ ಮುಗಿಯುತ್ತಲ್ಲ ಎಂದು ರೇಗಿದೆ. ಅವರು ಕಾರಿನ ಬಾಗಿಲು ಎಳೆದು ನೋಡುತ್ತಾ, “ಆಪರೇಷನ್ ಮಾತು ಸ್ವಲ್ಪ ನಟ್ಟಿತು” ಅಂದರು. ಕಣ್ಣು ತುಂಬಿತ್ತು. “ಉಳಿದದ್ದು ನಡೀತದ ಬಿಡು. ಅಕಿ ಮನ್ಯಾಗ ಇದ್ದಾಳಲ್ಲ.” ಅಷ್ಟು ಹೇಳಿ ಕಾರು ಹತ್ತಿದರು. ನನಗೆ ಅವರ ಮೇಲೆ ಎಷ್ಟು ಪ್ರೀತಿಯಿದೆ ಎಂಬುದು ನನಗೆ ಗೊತ್ತಾದದ್ದು ಅವತ್ತು.

ಇದೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣ, ಈಗ ಅಮ್ಮೀಯೂ ಇಲ್ಲ. ಸೊಸೆಯ ನಂತರ ಒಂದು ಚಳಿಗಾಲ ಬದುಕಿ, ಅದೇ ಮನೆಯ ಅದೇ ಕೋಣೆಯಲ್ಲಿ, ತಮ್ಮ ಹಾಸಿಗೆಯಲ್ಲೇ ಹೋದರು. ಇನ್ನು ಯಾರನ್ನೂ ಎಲ್ಲಿಗೂ ಕಳಿಸುವ ಪ್ರಶ್ನೆಯಿಲ್ಲ.

ಆಪಾ ಹೋದದ್ದು ಹಠಾತ್ತಾಗಿ, ಒಂದು ಮಧ್ಯಾಹ್ನ. ಮಣ್ಣಾದ ಕೆಲವು ದಿನದ ನಂತರ ನಾನು ಆ ಮನೆಗೆ ಹೋದೆ. ಮೊದಲ ಮಹಡಿಯ ಕೋಣೆ ತುಂಬ ಜನ, ಸೊಲಿಹಲ್‌ನವರೂ ಇದ್ದರು. ಭಾಯಿ ಗೋಡೆಗೊರಗಿ ಕೂತಿದ್ದರು, ಒಂದೇ ವಾರಕ್ಕೆ ಹತ್ತು ವರ್ಷ ವಯಸ್ಸಾದವರ ಹಾಗೆ. ಅಮ್ಮೀ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಸೊಸೆ ಹೋದದ್ದು ಅವರಿಗೆ ಕೆಲವು ಗಳಿಗೆ ನೆನಪಿರುತ್ತಿತ್ತು, ಕೆಲವು ಗಳಿಗೆ ಇರುತ್ತಿರಲಿಲ್ಲ ಎಂದು ಯಾರೋ ಹೇಳಿದರು. ನಾನು ಹೋಗಿ ಕಾಲ ಬಳಿ ಕೂತೆ. ಆ ಗಳಿಗೆಯಲ್ಲಿ ನೆನಪಿತ್ತು.

ಆಪಾ ಇದ್ದಾಗಲೇ ನಾನು ಒಂದನ್ನು ಗಮನಿಸಿದ್ದೆ. ಕೊನೆಯ ಒಂದೆರಡು ವರ್ಷ ಅಮ್ಮೀ ಬಂದವರೆದುರು ಸೊಸೆಯನ್ನು ಬೈಯುತ್ತಿದ್ದರು, ಮರದ ನೆಲಕ್ಕೆ ಯಾರಾದರೂ ನೀರು ಹೊಯ್ಯುತ್ತಾರೇನು, ಇಷ್ಟು ಓದಿದವಳು ಎಂದು. ಎಲ್ಲರೂ ಹೇಳಿದ್ದನ್ನು ಕೇಳಿ ಕೇಳಿ ಅವರ ತಲೆಯಲ್ಲಿ ಉಳಿದದ್ದು ಅದೊಂದೇ. ಆಪಾ ಪ್ರತಿ ಸಲವೂ, “ತಪ್ಪಾತು ಅಮ್ಮೀ, ಇನ್ನ ಮಾಡೂದಿಲ್ಲ” ಎನ್ನುತ್ತಿದ್ದರು.

ಅವತ್ತು ಅಮ್ಮೀ ನನ್ನ ಕೈಯನ್ನು ತಮ್ಮ ಎರಡೂ ಕೈಯೊಳಗೆ ತೆಗೆದುಕೊಂಡರು. ಕೋಣೆಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

“ಬಹಳ ಛಲೋ ಹೆಣ್ಣುಮಗಳು,” ಅಂದರು. “ನನ್ನ ಮಗಳಿದ್ರೂ ಹಂಗ ನೋಡ್ಕೋತಿದ್ದಿಲ್ಲ. ಜೀವನದಾಗ ಒಂದ ತಪ್ಪು ಮಾಡಿದಳು, ಆ ನೀರು ಹಾಕಿದ್ದು.” ನನ್ನ ಕೈಯನ್ನು ತಟ್ಟಿದರು. “ನಾ ಮಾಫ್ ಮಾಡೀನವ್ವ ಅಕಿಗೆ.”

ಭಾಯಿ ಮುಖ ಮುಚ್ಚಿಕೊಂಡರು. ಇಷ್ಟು ವರ್ಷ ಆಪಾ ಯಾವುದಕ್ಕೆ ಬಾಯಿ ಬಿಗಿಹಿಡಿದಿದ್ದರೋ ಅದನ್ನು ನಾನು ಕೆಡಿಸುವಂತಿರಲಿಲ್ಲ.

“ಒಳ್ಳೇದು ಮಾಡಿದ್ರಿ ಅಮ್ಮೀ,” ಎಂದೆ.